ರಾಗ ಒಂದೇ, ಊರಿನ ಹೆಸರು ಮಾತ್ರ ಬೇರೆ

1967ರ ಸೆಪ್ಟೆಂಬರ್ 30. ಶನಿವಾರ ಬೆಳಿಗ್ಗೆ 7 ಗಂಟೆ. ಬ್ರಿಟನ್ನಿನ ಬಿಬಿಸಿ ತನ್ನ ಹೊಸ ಪಾಪ್ ಸಂಗೀತದ ಸ್ಟೇಷನ್ ಶುರು ಮಾಡ್ತು. ಹೆಸರು ರೇಡಿಯೋ ಒನ್. ಮೈಕ್ ಮುಂದೆ ಕೂತಿದ್ದದ್ದು ಟೋನಿ ಬ್ಲ್ಯಾಕ್‌ಬರ್ನ್ ಅನ್ನೋ 24 ವರ್ಷದ ಹುಡುಗ. ಹಾಡು ಬಂತು, ಹರಟೆ ಬಂತು. ಅದರ ಮಧ್ಯೆ ಮಧ್ಯೆ ಸ್ಟೇಷನ್ನಿನ ಹೆಸರನ್ನೇ ಕೋರಸ್‌ನಲ್ಲಿ ಹಾಡುವ ಪುಟ್ಟ ಪುಟ್ಟ ತುಣುಕುಗಳೂ ಬಂದವು. ಮೂರು ಸೆಕೆಂಡು, ಐದು ಸೆಕೆಂಡು, ಅಷ್ಟೇ. ಇದಕ್ಕೇ ಜಿಂಗಲ್ ಅನ್ನೋದು.

ಕೇಳ್ತಿದ್ದ ಹುಡುಗರ ಕಿವಿ ನೆಟ್ಟಗಾಯ್ತು. ಅರೆ, ಇದನ್ನ ಎಲ್ಲೋ ಕೇಳಿದ ಹಾಗಿದೆಯಲ್ಲ! ಎಲ್ಲೋ ಏನು ಬಂತು, ಏಳು ವಾರದ ಹಿಂದಿನವರೆಗೆ ದಿನಾ ಕೇಳಿದ್ದೇ. ಆಗ ಅದು ಬರ್ತಾ ಇದ್ದದ್ದು ಸಮುದ್ರದಲ್ಲಿ ಲಂಗರು ಹಾಕಿ ನಿಂತಿದ್ದ ಒಂದು ಹಡಗಿನಿಂದ. ಆ ಹಡಗಿನ ಬಾಯಿ ಮುಚ್ಚಿಸೋದಕ್ಕೆ ಅಂತಲೇ ಬ್ರಿಟಿಷ್ ಸಂಸತ್ತು ಒಂದು ಕಾನೂನು ತಂದಿತ್ತು. ಕಾನೂನು ಜಾರಿಯಾಯ್ತು, ಹಡಗು ಸುಮ್ಮನಾಯ್ತು. ಈಗ ನೋಡಿದ್ರೆ ಬಿಬಿಸಿಯಲ್ಲಿ ಬರ್ತಾ ಇರೋ ಹಲವು ಜಿಂಗಲ್‌ಗಳು ಅವೇ! ರಾಗ ಅದೇ, ವಾದ್ಯ ಅದೇ. ಸ್ಟೇಷನ್ ಹೆಸರು ಮಾತ್ರ ಬೇರೆ.

ಕಳ್ಳನನ್ನ ಹಿಡಿದ ಪೊಲೀಸಪ್ಪ ಮರುದಿನ ಕಳ್ಳನ ಅಂಗಿ ತೊಟ್ಟುಕೊಂಡೇ ಡ್ಯೂಟಿಗೆ ಬಂದ್ರೆ ಹೇಗಿರುತ್ತೆ? ಹಾಗಿತ್ತು ಕಥೆ. ಆದ್ರೆ ಇಲ್ಲಿ ಕದ್ದವರು ಯಾರೂ ಇಲ್ಲ. ಎರಡೂ ಕಡೆಯವರು ದುಡ್ಡು ಕೊಟ್ಟು ಒಂದೇ ಅಂಗಡಿಯಲ್ಲಿ ಕೊಂಡಿದ್ದರು. ಆ ಅಂಗಡಿ ಇದ್ದದ್ದು ಲಂಡನ್ನಿನಲ್ಲಲ್ಲ, ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್‌ನಲ್ಲಿ.

ಟಿವಿಯಲ್ಲಿ ಕೆಲಸ ಮಾಡೋ ನನ್ನಂಥವರಿಗೆ ಈ ಅಂಗಡಿಯ ಕಥೆ ತುಂಬಾ ಹತ್ತಿರದ್ದು. ಬ್ರೇಕಿಂಗ್ ನ್ಯೂಸ್ ಬಂದಾಗ ಢಂ ಅಂತ ಒಂದು ಸದ್ದು ಬರುತ್ತಲ್ಲ, ಅಡುಗೆಮನೆಯಲ್ಲಿ ಇದ್ದವರೂ ಸೌಟು ಹಿಡಿದೇ ಹಾಲ್‌ಗೆ ಓಡಿ ಬರ್ತೀರಲ್ಲ, ಅದರ ಅಜ್ಜ ಹುಟ್ಟಿದ್ದು ಅಲ್ಲಿ.

ಅಮೆರಿಕದಲ್ಲಿ ರೇಡಿಯೋ ಸ್ಟೇಷನ್‌ಗಳಿಗೆ ಒಂದು ನಿಯಮ ಇದೆ. ಗಂಟೆಗೆ ಒಂದು ಸಲವಾದ್ರೂ ತಾನು ಯಾರು, ಯಾವ ಊರು ಅಂತ ಹೇಳಲೇಬೇಕು. ಹೆಸರು ಅಂದ್ರೆ ನಮ್ಮ ಹಾಗೆ ಮುದ್ದಾದ ಹೆಸರಲ್ಲ, ಗಾಡಿ ನಂಬರ್ ಥರದ್ದು. ಸಾಮಾನ್ಯವಾಗಿ ಮಿಸಿಸಿಪ್ಪಿ ನದಿಯ ಪೂರ್ವಕ್ಕಿದ್ರೆ ಡಬ್ಲ್ಯೂ ಅಕ್ಷರದಿಂದ ಶುರು, ಪಶ್ಚಿಮಕ್ಕಿದ್ರೆ ಕೆ ಅಕ್ಷರದಿಂದ. ನ್ಯೂಯಾರ್ಕಿನದು ಡಬ್ಲ್ಯೂಎಬಿಸಿ, ಡಲ್ಲಾಸಿನದು ಕೆಎಲ್‌ಐಎಫ್. ಇದನ್ನ ಬಾಯಲ್ಲಿ ಓದಿದ್ರೆ ರೇಷನ್ ಕಾರ್ಡ್ ನಂಬರ್ ಓದಿದ ಹಾಗಿರುತ್ತೆ. ಯಾರು ನೆನಪಿಟ್ಟುಕೊಳ್ತಾರೆ?

ಹಾಡಿದ್ರೆ ನೆನಪಿರುತ್ತೆ ಅನ್ನೋದು ಜಾಹೀರಾತಿನವರಿಗೆ ಮೊದಲೇ ಗೊತ್ತಿತ್ತು. 1926ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಮಿನಿಯಾಪೊಲಿಸ್‌ನಲ್ಲಿ ನಾಲ್ಕು ಜನ ಗಾಯಕರು ರೇಡಿಯೋದಲ್ಲಿ ವೀಟೀಸ್ ಅನ್ನೋ ಗೋಧಿ ತಿಂಡಿಯ ಹೆಸರನ್ನ ಹಾಡಿ ಮಾರಿದ್ದರು. ಎನ್‌ಬಿಸಿ ಜಾಲಕ್ಕೆ ಮೂರು ಸ್ವರದ ಗಂಟೆನಾದ ಇತ್ತು. ಅದು ಶುರುವಿನಲ್ಲಿ ಕೇಳುಗರಿಗಾಗಿ ಇದ್ದದ್ದೇ ಅಲ್ಲ. ಕಾರ್ಯಕ್ರಮ ಮುಗೀತು, ಸ್ವಿಚ್ ಬದಲಿಸಿ ಅಂತ ಬೇರೆ ಬೇರೆ ಊರಿನ ಸ್ಟೇಷನ್ ಎಂಜಿನಿಯರುಗಳಿಗೆ ಕೊಡುವ ಸಿಗ್ನಲ್. ಕೇಳಿ ಕೇಳಿ ಜನರ ಬಾಯಿಗೆ ಬಿತ್ತು. 1950ರಲ್ಲಿ ಅದು ಅಮೆರಿಕದಲ್ಲಿ ವ್ಯಾಪಾರಮುದ್ರೆಯಾಗಿ ನೋಂದಣಿಯಾದ ಮೊದಲ ಸದ್ದು ಕೂಡ ಆಯ್ತು. ಎಂಜಿನಿಯರುಗಳು ತಮಗಾಗಿ ಮಾಡ್ಕೊಂಡದ್ದು ಊರಿಗೆಲ್ಲ ಇಷ್ಟವಾದ ಅಪರೂಪದ ಪ್ರಸಂಗ ಇದು. ನಾನೂ ಎಂಜಿನಿಯರಿಂಗ್ ಓದಿದವನು, ಹೇಳಿಕೊಳ್ಳೋದಕ್ಕೆ ಖುಷಿ.

ಸ್ಟೇಷನ್ ಹೆಸರನ್ನ ಹಾಡೋದು ಒಂದು ದೊಡ್ಡ ವ್ಯಾಪಾರ ಆಗಿದ್ದು ಮಾತ್ರ ಡಲ್ಲಾಸ್‌ನಲ್ಲಿ. ಅಲ್ಲಿ ಗಾರ್ಡನ್ ಮೆಕ್ಲೆಂಡನ್ ಅನ್ನೋ ಸಾಹಸಿ ಕೆಎಲ್‌ಐಎಫ್ ಸ್ಟೇಷನ್ ನಡೆಸ್ತಾ ಇದ್ದ. ಅಲ್ಲಿ ಸಂಗೀತದ ಕೆಲಸ ನೋಡಿಕೊಳ್ತಿದ್ದ ಬಿಲ್ ಮೀಕ್ಸ್ 1951ರಲ್ಲಿ ತನ್ನದೇ ಕಂಪನಿ ತೆರೆದ. ಹೆಸರು ಪ್ಯಾಮ್ಸ್.

ಆ ಹೊತ್ತಿಗೆ ಅಮೆರಿಕದ ರೇಡಿಯೋಗೆ ಒಂದು ಸಂಕಟ ಬಂದಿತ್ತು. ಟಿವಿ ಬಂದು ನಾಟಕ, ಹಾಸ್ಯ, ತಾರೆಯರನ್ನೆಲ್ಲ ಎತ್ತಿಕೊಂಡು ಹೋಯ್ತು. ರೇಡಿಯೋಗೆ ಉಳಿದದ್ದು ಗ್ರಾಮಫೋನ್ ರೆಕಾರ್ಡು. ಜನ ಹೆಚ್ಚು ಕೇಳೋ ನಲವತ್ತು ಹಾಡುಗಳನ್ನೇ ತಿರುಗಿಸಿ ತಿರುಗಿಸಿ ಹಾಕು ಅನ್ನೋ ಟಾಪ್ ಫಾರ್ಟಿ ಪದ್ಧತಿ ಬಂತು. ಈಗ ಯೋಚನೆ ಮಾಡಿ. ಒಂದೇ ಊರಿನಲ್ಲಿ ಎರಡು ಮೂರು ಸ್ಟೇಷನ್. ಎಲ್ಲರ ಹತ್ರ ಅದೇ ಹಾಡು. ಕೇಳುಗ ಯಾವ ಸ್ಟೇಷನ್ ಕೇಳ್ತಿದ್ದಾನೆ ಅಂತ ಅವನಿಗೆ ಹೇಗೆ ಗೊತ್ತಾಗಬೇಕು? ಹಾಡು ಎಲ್ಲರದ್ದು. ಹಾಡು ಹಾಡಿನ ನಡುವಿನ ಮೂರು ಸೆಕೆಂಡು ಮಾತ್ರ ಸ್ವಂತದ್ದು.

ಆ ಮೂರು ಸೆಕೆಂಡನ್ನೂ ಸಗಟು ದರದಲ್ಲಿ ಮಾರಬಹುದು ಅಂತ ಕಂಡುಕೊಂಡದ್ದು ಮೀಕ್ಸ್‌ನ ಜಾಣತನ. ಹೇಗೆ ಅಂತೀರಾ? ವಾದ್ಯಗಾರರನ್ನ ಒಂದು ಸಲ ಕೂಡಿಸಿ ಸಂಗೀತವನ್ನಷ್ಟೇ ಟೇಪಿಗೆ ಇಳಿಸ್ಕೊಳ್ಳೋದು. ಖರ್ಚಿನ ಕೆಲಸ ಅದೇ. ಆಮೇಲೆ ಗಾಯಕರ ತಂಡವೊಂದು ಅದೇ ಟೇಪಿನ ಮೇಲೆ ಇವತ್ತು ಒಂದು ಸ್ಟೇಷನ್ ಹೆಸರು ಹಾಡುತ್ತೆ, ನಾಳೆ ಇನ್ನೊಂದು. ನಮ್ಮ ಕಲ್ಯಾಣ ಮಂಟಪದ ವಾಲಗದವರು ಎಲ್ಲ ಮದುವೆಗೂ ಅದನ್ನೇ ಊದ್ತಾರೆ, ಬಾಗಿಲ ಮೇಲಿನ ವಧೂವರರ ಹೆಸರಿನ ಬೋರ್ಡು ಮಾತ್ರ ಬದಲಾಗುತ್ತಲ್ಲ, ಹಾಗೆ. ಒಂದೇ ಷರತ್ತು. ಒಂದು ಊರಿನಲ್ಲಿ ಒಂದು ಸ್ಟೇಷನ್‌ಗೆ ಮಾರಿದ ಕಟ್ಟನ್ನ ಅದೇ ಊರಿನ ಎದುರಾಳಿಗೆ ಮಾರೋ ಹಾಗಿಲ್ಲ.

ಪ್ಯಾಮ್ಸ್‌ನವರು ಇಂಥ ಜಿಂಗಲ್‌ಗಳನ್ನ ಕಟ್ಟು ಕಟ್ಟಾಗಿ ಮಾಡಿ ನಂಬರ್ ಕೊಡ್ತಾ ಹೋದರು. ಸರಣಿ 18, ಸರಣಿ 27, ಸರಣಿ 33. ಪಠ್ಯಪುಸ್ತಕದ ಹಾಗೆ. ಮಾರಾಟಕ್ಕೆ ಮಾದರಿ ಟೇಪುಗಳನ್ನ ಕಳಿಸೋರು. ‘ನೋಡಿ ಸ್ವಾಮಿ, ಆ ಊರಿನ ಹೆಸರು ಹೀಗೆ ಹಾಡಿದ್ದೀವಿ, ನಿಮ್ಮದನ್ನೂ ಹೀಗೇ ಹಾಡ್ತೀವಿ’ ಅಂತ.

ಇದರಲ್ಲಿ ಒಂದು ಚಂದದ ತೊಡಕಿದೆ. ಇಂಗ್ಲಿಷಿನ ಕೆ ಒಂದೇ ಉಚ್ಚಾರ. ಡಬ್ಲ್ಯೂ? ಡ-ಬ-ಲ್ಯೂ, ಮೂರು. ಅಂದ್ರೆ ಪಶ್ಚಿಮದ ಸ್ಟೇಷನ್ನಿಗೆ ನಾಲ್ಕು ಸ್ವರದಲ್ಲಿ ಮುಗಿಯೋ ಹೆಸರು ಪೂರ್ವದ ಸ್ಟೇಷನ್ನಿಗೆ ಆರು ಸ್ವರ ಬೇಡುತ್ತೆ. ಸಂಗೀತದ ಟೇಪು ಮಾತ್ರ ಅದೇ ಉದ್ದ. ಹಾಗಾಗಿ ಕೆ ಊರಿನವರು ನಿಧಾನವಾಗಿ ಎಳೆದು ಹಾಡೋ ಜಾಗದಲ್ಲಿ ಡಬ್ಲ್ಯೂ ಊರಿನವರು ಗಡಿಬಿಡಿಯಲ್ಲಿ ಬಸ್ ಹತ್ತಿದ ಹಾಗೆ ಅಕ್ಷರಗಳನ್ನ ತುರುಕಬೇಕು. ಎರಡು ಟೇಪನ್ನ ಪಕ್ಕಪಕ್ಕದಲ್ಲಿ ಇಟ್ಟು ಕೇಳಿದವರಿಗೆ ಮಾತ್ರ ಇದು ಗೊತ್ತಾಗೋದು. ತನ್ನ ಊರಿನದನ್ನಷ್ಟೇ ಕೇಳಿದವನಿಗೆ ಅದು ತನ್ನ ಊರಿಗೆ ಅಂತಲೇ ಹುಟ್ಟಿದ ರಾಗ.

ಇನ್ನು ಸೋನೋವಾಕ್ಸ್. ಇದನ್ನ ಹೇಳದೇ ಮುಂದೆ ಹೋದ್ರೆ ಈ ಜಿಂಗಲ್ ಪ್ರಿಯರು ನನ್ನನ್ನ ಕ್ಷಮಿಸೋಲ್ಲ. ಗಿಲ್ಬರ್ಟ್ ರೈಟ್ ಅನ್ನೋನು ಕಂಡುಹಿಡಿದ ಉಪಕರಣ. ಎರಡು ಪುಟ್ಟ ಸ್ಪೀಕರುಗಳನ್ನ ಗಂಟಲಿನ ಎರಡೂ ಕಡೆ ಒತ್ತಿ ಹಿಡೀಬೇಕು. ಸ್ಪೀಕರಿನಿಂದ ಗಿಟಾರೋ ಆರ್ಗನ್ನೋ ಯಾವುದೋ ಸದ್ದು ಗಂಟಲಿಗೆ ಇಳಿಯುತ್ತೆ. ನೀವು ದನಿ ತೆಗೆಯೋ ಹಾಗಿಲ್ಲ, ತುಟಿ ನಾಲಿಗೆ ಮಾತ್ರ ಆಡಿಸಬೇಕು. ಆಗ ಗಿಟಾರೇ ಮಾತಾಡುತ್ತೆ! ಡಿಸ್ನಿಯ 1941ರ ‘ಡಂಬೋ’ ಸಿನಿಮಾದಲ್ಲಿ ರೈಲು ಮಾತಾಡೋದು ಇದೇ ಯಂತ್ರದಿಂದ. ಪ್ಯಾಮ್ಸ್‌ನವರು ಇದನ್ನ ಸ್ಟೇಷನ್ ಹೆಸರಿಗೆ ಹಚ್ಚಿದರು. ಕಂಪ್ಯೂಟರ್ ಇಲ್ಲ, ಆಟೋಟ್ಯೂನ್ ಇಲ್ಲ. ಮನುಷ್ಯನ ಗಂಟಲೇ ಫಿಲ್ಟರ್. ನಾವು ಕಾಲೇಜಿನಲ್ಲಿ ಸಿಗ್ನಲ್ ಪ್ರಾಸೆಸಿಂಗ್ ಅಂತ ಬೋರ್ಡ್ ತುಂಬ ಬರೆದುಕೊಂಡ ಸಮೀಕರಣವನ್ನ ಇವರು ಕತ್ತಿಗೆ ಕಟ್ಟಿಕೊಂಡು ಹಾಡಿದ್ದರು.

ಈಗ ಆ ಹಡಗಿಗೆ ಬರೋಣ. ಬ್ರಿಟನ್ನಿನಲ್ಲಿ ಆಗ ರೇಡಿಯೋ ಅಂದ್ರೆ ಬಿಬಿಸಿ ಒಂದೇ. ಅಲ್ಲಿ ರೆಕಾರ್ಡು ಹಾಕೋದಕ್ಕೂ ದಿನಕ್ಕೆ ಇಂತಿಷ್ಟು ಹೊತ್ತು ಅನ್ನೋ ಲೆಕ್ಕ. ಬೀಟಲ್ಸ್ ಕಾಲದ ಹುಡುಗರಿಗೆ ಅದು ಎಲ್ಲಿ ಸಾಲುತ್ತೆ? ಸಮುದ್ರದಲ್ಲಿ ಮೂರು ಮೈಲಿ ಆಚೆ ಹೋದ್ರೆ ಬ್ರಿಟನ್ನಿನ ಕಾನೂನು ನಡೆಯೋಲ್ಲ. ಅಲ್ಲಿ ಹಡಗು ನಿಲ್ಲಿಸಿ ಪ್ರಸಾರ ಶುರು ಮಾಡಿದರು. ಪೈರೇಟ್ ರೇಡಿಯೋ ಅಂತ ಕರೀತಿದ್ದದ್ದು ಇದನ್ನೇ. ಅಂಥ ಸ್ಟೇಷನ್‌ಗಳಲ್ಲಿ ಒಂದು ರೇಡಿಯೋ ಲಂಡನ್. ಎರಡನೇ ಮಹಾಯುದ್ಧದ ಅಮೆರಿಕನ್ ಮೈನ್‌ಸ್ವೀಪರ್ ಹಡಗೊಂದಕ್ಕೆ ಗ್ಯಾಲಕ್ಸಿ ಅಂತ ಹೊಸ ಹೆಸರಿಟ್ಟು, ಎಸೆಕ್ಸ್ ತೀರದ ಫ್ರಿಂಟನ್ ಊರಿನಾಚೆ ನಿಲ್ಲಿಸಿ, 1964ರ ಡಿಸೆಂಬರ್ 23ರಂದು ಪ್ರಸಾರ ಶುರು. ಇದರ ಹಿಂದಿದ್ದ ಡಾನ್ ಪಿಯರ್ಸನ್ ಎಲ್ಲಿಯವನು ಗೊತ್ತಾ? ಟೆಕ್ಸಾಸ್‌ನವನು. ಜಿಂಗಲ್ ಎಲ್ಲಿಂದ ಬಂತು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಹೆಸರಿನಲ್ಲಿ ಲಂಡನ್. ಗಂಟಲು ಡಲ್ಲಾಸ್‌ನದ್ದು. ಆದ್ರೆ ಇಂಗ್ಲೆಂಡಿನ ಒಂದು ತಲೆಮಾರಿಗೆ ಆ ಸದ್ದೇ ಸ್ವಾತಂತ್ರ್ಯದ ಸದ್ದಾಯ್ತು. 1967ರ ಆಗಸ್ಟ್ 14ರ ಮಧ್ಯಾಹ್ನ 3 ಗಂಟೆಗೆ ರೇಡಿಯೋ ಲಂಡನ್ ನಿಂತುಹೋಯ್ತು. ಅವತ್ತು ಮಧ್ಯರಾತ್ರಿಯಿಂದ ಹೊಸ ಕಾನೂನು. ಮನೆಯಲ್ಲಿ ಟೇಪ್ ರೆಕಾರ್ಡರ್ ಇದ್ದವರು ಆ ಕೊನೆಯ ಗಂಟೆಯನ್ನ ಹಿಡಿದಿಟ್ಟುಕೊಂಡರು. ಇವತ್ತು ಅದನ್ನ ನಾವು ಕೇಳೋದಕ್ಕೆ ಆಗ್ತಾ ಇದ್ದರೆ ಅದು ಆ ಕೇಳುಗರ ಪುಣ್ಯ.

ಬಿಬಿಸಿ ಯಾಕೆ ತನ್ನ ಜಿಂಗಲ್ ತಾನೇ ಮಾಡಿಕೊಳ್ಳಲಿಲ್ಲ? ಅಲ್ಲಿ ಆರ್ಕೆಸ್ಟ್ರಾಗಳಿಗೇನು ಕಮ್ಮಿಯಾ? ಉತ್ತರ ಕೇಳಿದ್ರೆ ನಗು ಬರುತ್ತೆ. ಬಿಬಿಸಿ ಒಳಗೇ ಮಾಡಿದ್ರೆ ಸಂಗೀತಗಾರರ ಯೂನಿಯನ್ ಒಂದೇ ಕಂತಿನ ಸಂಭಾವನೆಗೆ ಒಪ್ಪಲಿಲ್ಲ. ಪ್ರತಿ ಸಲ ಜಿಂಗಲ್ ಹಾಕಿದಾಗಲೂ ದುಡ್ಡು ಕೊಡಿ ಅಂತು. ದಿನಕ್ಕೆ ಎಷ್ಟೋ ಸಲ ಬರೋ ಮೂರು ಸೆಕೆಂಡಿನ ತುಣುಕಿಗೆ ಅದು ಕಟ್ಟುಬೀಳುತ್ತಾ? ಡಲ್ಲಾಸ್‌ನವರು ಒಂದೇ ದುಡ್ಡಿಗೆ ಕೊಡ್ತಾರೆ. ಸರಿ, ಅಲ್ಲಿಂದಲೇ ಬರಲಿ! ಯೂನಿಯನ್ನಿನವರ ವಾದ ತಪ್ಪು ಅಂತ ನಾನು ಹೇಳೋಲ್ಲ. ತಮ್ಮ ದನಿ ದಿನಾ ದುಡಿಯುವಾಗ ದಿನಾ ಕೂಲಿ ಕೇಳೋದು ನ್ಯಾಯವೇ. ಆದ್ರೆ ಅದರ ಫಲವಾಗಿ ಬ್ರಿಟನ್ನಿನ ರಾಷ್ಟ್ರೀಯ ಪಾಪ್ ಸ್ಟೇಷನ್ನಿನ ಹೆಸರನ್ನ ಟೆಕ್ಸಾಸ್‌ನ ಗಂಟಲುಗಳು ಹಾಡಿದವು.

ಅದೇ ವರ್ಷ ದ ಹೂ ಅನ್ನೋ ರಾಕ್ ತಂಡ ತನ್ನ ‘ದ ಹೂ ಸೆಲ್ ಔಟ್’ ಆಲ್ಬಮ್ಮನ್ನ ಪೈರೇಟ್ ಸ್ಟೇಷನ್ ಕೇಳಿದ ಹಾಗೆ ಜೋಡಿಸಿತು. ಹಾಡಿನ ನಡುವೆ ರೇಡಿಯೋ ಲಂಡನ್ನಿನ ನಿಜವಾದ ಜಿಂಗಲ್‌ಗಳೇ ಇವೆ. ಅನುಮತಿ ತಗೊಂಡಿಲ್ಲ ಅಂತ ಜಿಂಗಲ್ ಮಾಡಿದವರು ತಕರಾರು ತೆಗೆದರು. ತಕರಾರು ಏನೇ ಇರಲಿ, ಕೆಲವು ಜಿಂಗಲ್‌ಗಳು ಕಪ್ಪು ತಟ್ಟೆಯ ಮೇಲೆ ಗಟ್ಟಿಯಾಗಿ ಉಳಿದವು. ಉಳಿದವಕ್ಕೆ ಆ ಭಾಗ್ಯ ಇರಲಿಲ್ಲ.

ಯಾಕಂದ್ರೆ ಸ್ಟೇಷನ್ನಿನ ಒಳಗೆ ಜಿಂಗಲ್ ಇರ್ತಿದ್ದದ್ದು ಕಾರ್ಟ್ ಅನ್ನೋ ಡಬ್ಬಿಯಲ್ಲಿ. 1959ರಿಂದ ಆಚೆಗೆ ಬಂದ ಸಾಧನ. ಅಂಗೈ ಅಗಲದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಎರಡೂ ತುದಿ ಅಂಟಿಸಿದ ಟೇಪಿನ ಸುರುಳಿ. ಟೇಪಿನ ಪಕ್ಕದ ದಾರಿಯಲ್ಲಿ ಕೇಳುಗರಿಗೆ ಕೇಳಿಸದ 1000 ಹರ್ಟ್ಸ್‌ನ ಒಂದು ಗುರುತು. ಬಟನ್ ಒತ್ತಿದ್ರೆ ಜಿಂಗಲ್ ಓಡುತ್ತೆ, ಸುತ್ತಿ ಬಂದು ಆ ಗುರುತು ಸಿಕ್ಕಿದ ತಕ್ಷಣ ತಾನೇ ನಿಲ್ಲುತ್ತೆ. ಮುಂದಿನ ಸಲಕ್ಕೆ ಸಿದ್ಧ. ಅದ್ಭುತ ಎಂಜಿನಿಯರಿಂಗ್. ಆದ್ರೆ ಆ ಡಬ್ಬಿಗೆ ದುಡ್ಡು ಕೊಡಬೇಕಲ್ಲ! ಹೊಸ ಜಿಂಗಲ್ ಬಂದ್ರೆ ಹಳೇ ಡಬ್ಬಿಯನ್ನ ವಿದ್ಯುತ್ ಅಯಸ್ಕಾಂತದ ಮೇಲೆ ಒಂದು ಸುತ್ತು ತಿರುಗಿಸಿದ್ರೆ ಸಾಕು. ಹತ್ತು ಸೆಕೆಂಡಿನಲ್ಲಿ ಎಲ್ಲ ಅಳಿಸಿಹೋಯ್ತು. ಯಾರದೂ ದುರುದ್ದೇಶ ಅಲ್ಲ. ನಿನ್ನೆಯ ಜಿಂಗಲ್ ಇಟ್ಟುಕೊಂಡು ಏನು ಮಾಡೋದು ಅಂತ ಅಷ್ಟೇ.

ಹಾಗಾದ್ರೆ ಉಳಿಸಿದವರು ಯಾರು? ಹವ್ಯಾಸಿಗಳು. ಅವರಿಗೆ ಸಹಾಯ ಮಾಡಿದ್ದು ಆಕಾಶವೇ. ಮೀಡಿಯಂ ವೇವ್ ಅಲೆಗಳು ಹಗಲಿನಲ್ಲಿ ದೂರ ಹೋಗೋಲ್ಲ. ಬಿಸಿಲಿಗೆ ವಾತಾವರಣದ ಮೇಲ್ಪದರದಲ್ಲಿ ಹುಟ್ಟೋ ಒಂದು ಪೊರೆ ಅವುಗಳನ್ನ ನುಂಗಿಹಾಕುತ್ತೆ. ಸೂರ್ಯ ಮುಳುಗಿದ ಮೇಲೆ ಆ ಪೊರೆ ಮಾಯ. ಅಲೆಗಳು ಇನ್ನೂ ಮೇಲಿನ ಪದರಕ್ಕೆ ಬಡಿದು ನೂರಾರು ಮೈಲಿ ಆಚೆ ಇಳಿಯುತ್ತವೆ. ನ್ಯೂಯಾರ್ಕಿನ ಡಬ್ಲ್ಯೂಎಬಿಸಿ, ಷಿಕಾಗೋದ ಡಬ್ಲ್ಯೂಎಲ್‌ಎಸ್ ಎರಡೂ 50 ಸಾವಿರ ವ್ಯಾಟ್‌ನವು, ಎರಡೂ ಪ್ಯಾಮ್ಸ್‌ನ ಗಿರಾಕಿಗಳು. ನಡುವಿನ ಒಹಾಯೊದ ಹುಡುಗನಿಗೆ ರಾತ್ರಿ ದಿಂಬಿನ ಕೆಳಗೆ ಟ್ರಾನ್ಸಿಸ್ಟರ್ ಇಟ್ಟು ಮುಳ್ಳು ತಿರುಗಿಸಿದ್ರೆ ಎರಡೂ ಸಿಗುತ್ತೆ. ಆಗ ಅವನಿಗೆ ಅನುಮಾನ ಬರುತ್ತೆ. ಇವೆರಡೂ ಅಣ್ಣತಮ್ಮಂದಿರಲ್ವಾ?

ಆ ಅನುಮಾನದಿಂದ ಶುರುವಾದದ್ದು ಸಂಗ್ರಹ. ರೇಡಿಯೋದಿಂದ ನೇರ ಮಾಡಿದ ರೆಕಾರ್ಡಿಂಗಿಗೆ ಅಲ್ಲಿ ಏರ್‌ಚೆಕ್ ಅಂತಾರೆ. ಡಿಸ್ಕ್ ಜಾಕಿಗಳೂ ಮಾಡ್ಕೊಳ್ತಿದ್ದರು, ಬೇರೆ ಊರಿನಲ್ಲಿ ಕೆಲಸಕ್ಕೆ ಅರ್ಜಿ ಹಾಕೋದಕ್ಕೆ. ಕೆಲವು ಸ್ಟೇಷನ್‌ಗಳಲ್ಲಂತೂ ಮೈಕ್ ಆನ್ ಆದಾಗ ಮಾತ್ರ ಓಡೋ ರೆಕಾರ್ಡರ್ ಇತ್ತು. ಹೀಗಾಗಿ ಒಂದು ವಿಚಿತ್ರ ಆಯ್ತು. ಈ ಟೇಪುಗಳಲ್ಲಿ ಹಾಡು ಇಲ್ಲ! ಹಾಡಿನ ಮೊದಲ ಸಾಲು ಬರುತ್ತಿದ್ದ ಹಾಗೆ ಕತ್ತರಿ, ಕೊನೆಯ ಸಾಲಿಗೆ ಮತ್ತೆ ಶುರು. ಟೇಪು ದುಬಾರಿ, ಹಾಡು ಬೇಕಾದ್ರೆ ಅಂಗಡಿಯಲ್ಲಿ ಸಿಗುತ್ತೆ. ಸಿಗದೇ ಇರೋದು ನಡುವಿನದು. ಅದನ್ನ ಅರ್ಥ ಮಾಡಿಕೊಂಡ ಆ ಹುಡುಗರ ಬುದ್ಧಿಗೆ ಸಲಾಂ ಹೊಡೀಬೇಕು.

ಆಮೇಲೆ ಅಂಚೆಯಲ್ಲಿ ಟೇಪು ವಿನಿಮಯ. ನಿನ್ನ ಊರಿನದು ಕಳಿಸು, ನನ್ನ ಊರಿನದು ಕಳಿಸ್ತೀನಿ. ಪಕ್ಕಪಕ್ಕ ಇಟ್ಟು ಕೇಳೋದು. ಇದು ಸರಣಿ 27, ಅದು 33. ಇಲ್ಲಿ ಗಾಯಕಿ ಬದಲಾಗಿದ್ದಾಳೆ. ಇಲ್ಲಿ ಟೇಪು ಸ್ವಲ್ಪ ಜೋರಾಗಿ ಓಡಿದೆ, ಶ್ರುತಿ ಮೇಲೆ ಹೋಗಿದೆ. ಕಂಪನಿಯವರು ಮಾರಾಟಕ್ಕೆ ಕಳಿಸ್ತಿದ್ದ ಮಾದರಿ ಟೇಪುಗಳು ಇವರಿಗೆ ನಿಘಂಟಾದವು. ನಮ್ಮಲ್ಲಿ ಶಾಸನ ಓದೋರು ಅಕ್ಷರದ ತಿರುವು ನೋಡಿ ಇದು ಯಾವ ಕಾಲದ್ದು, ಯಾವ ರೂವಾರಿಯದು ಅಂತ ಹೇಳ್ತಾರಲ್ಲ, ಇದೂ ಅಂಥದ್ದೇ ಕೆಲಸ. ಕಲ್ಲಿನ ಬದಲು ಟೇಪು.

ಈ ಹುಡುಗರಲ್ಲಿ ಒಬ್ಬ ಜಾನ್ ವುಲ್ಫರ್ಟ್. ಜಿಂಗಲ್ ಹುಚ್ಚು ಹಿಡಿದು ಕೊನೆಗೆ ಪ್ಯಾಮ್ಸ್‌ನಲ್ಲೇ ಕೆಲಸಕ್ಕೆ ಸೇರಿದ. 1974ರಲ್ಲಿ ಹೆಂಡತಿ ಮೇರಿ ಲಿನ್ ಜೊತೆ ಸೇರಿ ಡಲ್ಲಾಸ್‌ನಲ್ಲೇ ಜ್ಯಾಮ್ ಅನ್ನೋ ತನ್ನ ಕಂಪನಿ ಶುರು ಮಾಡಿದ. ಪ್ಯಾಮ್ಸ್ ಮುಚ್ಚಿಹೋಯ್ತು. ಕೆಲವು ವರ್ಷದ ಮೇಲೆ ಪ್ಯಾಮ್ಸ್‌ನ ಹೆಸರು, ಅದರ ಬಹುಪಾಲು ಜಿಂಗಲ್‌ಗಳ ಹಕ್ಕು ಎಲ್ಲಿಗೆ ಬಂತು? ಜ್ಯಾಮ್‌ಗೆ. ಅಂಗಡಿ ಮುಂದೆ ನಿಂತು ಮಿಠಾಯಿ ನೋಡ್ತಿದ್ದ ಹುಡುಗನೇ ಅಂಗಡಿಯ ಯಜಮಾನ ಆದ. ಅಷ್ಟು ಹೊತ್ತಿಗೆ ಜಗತ್ತು ಬದಲಾಗಿತ್ತು. 1982ರ ಮೇ 10ರಂದು ಡಬ್ಲ್ಯೂಎಬಿಸಿ ಹಾಡು ಹಾಕೋದನ್ನೇ ನಿಲ್ಲಿಸಿ ಮಾತಿನ ಸ್ಟೇಷನ್ ಆಯ್ತು.

ಟೇಪುಗಳನ್ನ ಹೋಲಿಸಿದವರಿಗೆ ಸಿಕ್ಕಿದ ಸತ್ಯ ಸ್ವಲ್ಪ ಕಹಿಯದ್ದು. ನನ್ನ ಊರಿನದು ಅಂತ ಎದೆಗೆ ಹಚ್ಚಿಕೊಂಡಿದ್ದ ರಾಗ ಇನ್ನೂ ಎಷ್ಟೋ ಊರಿನದಾಗಿತ್ತು. ಹಾಗಂತ ಅವರು ಅದನ್ನ ಬಿಸಾಡಲಿಲ್ಲ, ಇನ್ನಷ್ಟು ಪ್ರೀತಿಯಿಂದ ಜೋಡಿಸಿಟ್ಟುಕೊಂಡರು. ನನಗೆ ಈ ಇಡೀ ಕಥೆಯಲ್ಲಿ ತುಂಬಾ ಇಷ್ಟವಾಗೋದು ಇದೇ.

ನಮ್ಮ ದೇಶದ್ದು ಇದಕ್ಕೆ ತದ್ವಿರುದ್ಧ. ಬೆಳಗಿನ ಜಾವ ತಂಬೂರಿಯ ಶ್ರುತಿಯ ಮೇಲೆ ತೇಲಿ ಬರೋ ಆಕಾಶವಾಣಿಯ ಆ ರಾಗ ಇದೆಯಲ್ಲ, ಧಾರವಾಡವಿರಲಿ ದೆಹಲಿಯಿರಲಿ ಅದು ಒಂದೇ, ಅದರಲ್ಲಿ ಯಾವ ಊರಿನ ಹೆಸರೂ ಇಲ್ಲ. ಊರು ಯಾವುದು ಅಂತ ಆಮೇಲೆ ಉದ್ಘೋಷಕರು ಹೇಳಬೇಕು. ಅದನ್ನ ರಚಿಸಿದ ಹೆಸರು ಸಾಮಾನ್ಯವಾಗಿ ಸಲ್ಲೋದು ವಾಲ್ಟರ್ ಕೌಫ್‌ಮನ್ ಅವರಿಗೆ. ಇಂದಿನ ಚೆಕ್ ದೇಶದ ಕಾರ್ಲ್ಸ್‌ಬಾಡ್‌ನಲ್ಲಿ ಹುಟ್ಟಿದ ಯಹೂದಿ, 1934ರಲ್ಲಿ ಬೊಂಬಾಯಿಗೆ ಬಂದು ಸೇರಿದರು, ಅಲ್ಲಿನ ರೇಡಿಯೋದಲ್ಲಿ ಪಾಶ್ಚಾತ್ಯ ಸಂಗೀತದ ವಿಭಾಗ ನೋಡಿಕೊಂಡರು. ಇನ್ನು ಆಕಾಶವಾಣಿ ಅನ್ನೋ ಹೆಸರು? ಅದು ನಮ್ಮ ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಶುರು ಮಾಡಿದ ಖಾಸಗಿ ಬಾನುಲಿ ಕೇಂದ್ರದ ಹೆಸರು. ಹಿಟ್ಲರನಿಂದಾಗಿ ತಾಯ್ನಾಡಿಗೆ ಮರಳಲಾಗದ ಒಬ್ಬರ ರಾಗ, ಮೈಸೂರಿನ ಮೇಷ್ಟ್ರೊಬ್ಬರ ಮನೆಯ ರೇಡಿಯೋದ ಹೆಸರು. ಎರಡೂ ಸೇರಿ ಇಡೀ ದೇಶದ ಬೆಳಗು.

ಅಮೆರಿಕದ ಥರದ ಜಿಂಗಲ್ಲು ನಮ್ಮ ಊರಿಗೆ ಬಂದದ್ದು ಖಾಸಗಿ ಎಫ್‌ಎಂ ಜೊತೆ. ದೇಶದ ಮೊದಲ ಖಾಸಗಿ ಎಫ್‌ಎಂ ಸ್ಟೇಷನ್ ರೇಡಿಯೋ ಸಿಟಿ 2001ರ ಜುಲೈ 3ರಂದು ಶುರುವಾಗಿದ್ದು ಬೆಂಗಳೂರಿನಲ್ಲೇ. ಆಗಿನ್ನೂ ಮನೆಮನೆಯಲ್ಲಿ ಟೂ ಇನ್ ಒನ್ ಇತ್ತು. ಜನ ರೇಡಿಯೋದಿಂದ ಕ್ಯಾಸೆಟ್ಟಿಗೆ ಹಾಡು ತುಂಬಿಸ್ಕೊಳ್ಳೋರು. ಆದ್ರೆ ಆ ಅಮೆರಿಕದ ಹುಡುಗರು ಮಾಡ್ತಿದ್ದದ್ದಕ್ಕೆ ಸರಿಯಾಗಿ ಉಲ್ಟಾ! ನಮಗೆ ಬೇಕಾಗಿದ್ದದ್ದು ಹಾಡು. ಆರ್‌ಜೆ ಬಾಯಿ ತೆರೆದ್ರೆ ಪಾಸ್ ಬಟನ್, ಜಿಂಗಲ್ ಬಂದ್ರೆ ಪಾಸ್ ಬಟನ್. ಆ ಹಾಡುಗಳೆಲ್ಲ ಇವತ್ತು ಮೊಬೈಲ್‌ನಲ್ಲಿ ಪುಕ್ಕಟೆ ಸಿಗ್ತವೆ. ನಿಮ್ಮ ಅಟ್ಟದ ಮೇಲೆ ಅಂಥ ಕ್ಯಾಸೆಟ್ ಇನ್ನೂ ಇದ್ರೆ ಎಸೆಯೋ ಮುಂಚೆ ಒಂದು ಸಲ ಹಾಕಿ ಕೇಳಿ. ಹಾಡು ಮುಗಿದು ಇನ್ನೊಂದು ಶುರುವಾಗೋ ಜಾಗದಲ್ಲಿ, ಪಾಸ್ ಬಟನ್ ಒತ್ತೋದು ಅರ್ಧ ಸೆಕೆಂಡು ತಡವಾದ ಕಡೆ, ಸ್ಟೇಷನ್ನಿನ ಹೆಸರಿನ ಒಂದು ಚೂರು ಸಿಕ್ಕರೂ ಸಿಗಬಹುದು.